ಘಟ್ಟದ ಮೇಲೊಂದು ಗಣಿತ ಸಂಶೋಧನಾ ಸಂಸ್ಥೆ: ಕಟ್ಟಹೊರಟವರಿಗೆ ಮಾರ್ಗದರ್ಶಿ

ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳಲ್ಲಿ ಗಣಿತ ಕಲಿಸುವವರು ನಾಲ್ಕು ಜನ ಸೇರಿದಾಗ ಒಮ್ಮೆಯಾದರೂ ಬರುವ ಮಾತೊಂದಿದೆ: ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೊಂದು ಗಣಿತ ಸಂಶೋಧನಾ ಸಂಸ್ಥೆ ಇದ್ದಿದ್ದರೆ ಎಂಬ ಮಾತು. ಚುರುಕಾದ ಮಕ್ಕಳು ಪಿಯುಸಿ ಮುಗಿಸಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಅವರಲ್ಲಿ ಗಣಿತವನ್ನೇ ಹಿಡಿದವರು ಮುಂದೆ ಮುಂಬಯಿ, ಚೆನ್ನೈ, ಹೊರದೇಶ ಸೇರುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ತಾವು ಮಾಡುತ್ತಿರುವ ಕೆಲಸವನ್ನು ಹೇಳಿಕೊಳ್ಳಲು ಅವರಿಗೆ ಇಲ್ಲಿ ಒಬ್ಬ ಕೇಳುಗನೂ ಸಿಗುವುದಿಲ್ಲ. ಆ ಮಾತನ್ನು ಕೆಲಸಕ್ಕಿಳಿಸಬೇಕೆಂದಿರುವವರಿಗಾಗಿ, ಯಾವುದನ್ನು ಮೊದಲು ಮಾಡಬೇಕು ಮತ್ತು ಯಾವುದನ್ನು ಕೊನೆಗೆ ಬಿಡಬೇಕು ಎಂಬುದನ್ನು ಇಲ್ಲಿ ಅನುಕ್ರಮವಾಗಿ ಬರೆದಿದ್ದೇನೆ. ಅನುಕ್ರಮಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ನಮ್ಮಲ್ಲಿ ಸಂಸ್ಥೆಯೆಂದರೆ ಮೊದಲು ಜಾಗ, ಆಮೇಲೆ ಕಟ್ಟಡ, ಉದ್ಘಾಟನೆ, ಕೊನೆಗೆ ಜನ ಎಂಬ ರೂಢಿ ಬೆಳೆದುಬಿಟ್ಟಿದೆ. ಗಣಿತದ ಮಟ್ಟಿಗೆ ಈ ಸಾಲನ್ನು ಪೂರ್ತಿ ತಿರುಗಿಸಬೇಕು.

ಊರು ಸಣ್ಣದೆಂಬ ಅಳುಕು ಬೇಡ. ಜರ್ಮನಿಯ ಕಪ್ಪು ಅರಣ್ಯದ ನಡುವೆ ಓಬರ್‌ವೋಲ್ಫಾಕ್ ಎಂಬ ಹಳ್ಳಿಯಿದೆ. ಫ್ರೈಬುರ್ಗಿನ ಗಣಿತಜ್ಞ ವಿಲ್‌ಹೆಲ್ಮ್ ಸ್ಯೂಸ್ 1944ರಲ್ಲಿ ಅಲ್ಲಿ ಆರಂಭಿಸಿದ ಸಂಸ್ಥೆಗೆ ಇಂದು ವಾರಕ್ಕೆ ಸುಮಾರು ಐವತ್ತು ಗಣಿತಜ್ಞರು ಲೋಕದ ಮೂಲೆಮೂಲೆಗಳಿಂದ ಬಂದು ಉಳಿದು ಹೋಗುತ್ತಾರೆ. ನಮಗೆ ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ, ಶಿರಸಿಯಿಂದ ಕೆಲವೇ ಗಂಟೆಗಳ ದಾರಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಒಂದು ಹಳ್ಳಿಯಲ್ಲಿ ಕುಳಿತು ದೇಶಕ್ಕೇ ರಂಗಕಲೆಯನ್ನು ಕಲಿಸಬಹುದೆಂದು ತೋರಿಸಿದೆ. ಗಣಿತಕ್ಕೆ ರಂಗಮಂದಿರವೂ ಬೇಡ, ಪ್ರಯೋಗಾಲಯವೂ ಬೇಡ. ಪುಸ್ತಕ, ಕರಿಹಲಗೆ, ನಿಶ್ಶಬ್ದ ಮತ್ತು ಮಾತಿಗೆ ಸರಿಸಾಟಿಯಾದ ಒಡನಾಡಿಗಳು ಬೇಕು. ಮೊದಲ ಮೂರನ್ನು ಘಟ್ಟದ ಮೇಲೆ ಸುಲಭವಾಗಿ ಒದಗಿಸಬಹುದು. ನಾಲ್ಕನೆಯದಕ್ಕಾಗಿಯೇ ಮುಂದಿನ ಎಲ್ಲ ವ್ಯವಸ್ಥೆ.

ಯಾವ ಬಗೆಯ ಸಂಸ್ಥೆ ಎಂಬ ನಿರ್ಧಾರ

ಗಣಿತ ಸಂಸ್ಥೆಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತ ವಿಭಾಗ ಮತ್ತು ಚೆನ್ನೈ ಗಣಿತ ಸಂಸ್ಥೆಗಳಲ್ಲಿ ಕಾಯಂ ಪ್ರಾಧ್ಯಾಪಕರೂ ಪಿಎಚ್‌ಡಿ ವಿದ್ಯಾರ್ಥಿಗಳೂ ಇರುತ್ತಾರೆ. ಓಬರ್‌ವೋಲ್ಫಾಕ್ ಮತ್ತು 1992ರಲ್ಲಿ ಕೇಂಬ್ರಿಜ್‌ನಲ್ಲಿ ತೆರೆದ ನ್ಯೂಟನ್ ಸಂಸ್ಥೆಗಳಲ್ಲಿ ಕಾಯಂ ಜನ ಕಡಿಮೆ. ಅವು ಬಂದುಹೋಗುವವರಿಗೆ ಮನೆಯಾಗುತ್ತವೆ. ಮೂರನೆಯದು ತರಬೇತಿಯ ಬಗೆ: 1993ರಿಂದ ಎಸ್. ಕುಮರೇಶನ್ ನಡೆಸಿಕೊಂಡು ಬಂದ ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ ಶಿಬಿರಗಳು ಕಾಲೇಜಿನ ಹುಡುಗರಿಗೆ ಉರು ಹೊಡೆಯುವುದನ್ನು ಬಿಡಿಸಿ ಯೋಚಿಸುವುದನ್ನು ಕಲಿಸಿದವು.

ಉತ್ತರ ಕನ್ನಡದಲ್ಲಿ ಹೊಸದಾಗಿ ಕಟ್ಟುವವರು ಮೂರನೆಯದರಿಂದ ಆರಂಭಿಸಿ ಎರಡನೆಯದಕ್ಕೆ ಬೆಳೆಯಬೇಕು, ಮೊದಲನೆಯದನ್ನು ಹತ್ತು ವರ್ಷ ಮುಂದೂಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಂ ಪ್ರಾಧ್ಯಾಪಕರ ಸಂಬಳವು ಸಂಸ್ಥೆಯ ಮೇಲೆ ಮೂವತ್ತು ವರ್ಷಗಳ ಹೊಣೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಒಬ್ಬರೇ ಒಬ್ಬರು ಪ್ರಾಧ್ಯಾಪಕರು ಒಂಟಿಯಾಗಿ ಶಿರಸಿಯಲ್ಲಿ ಕುಳಿತರೆ ಎರಡು ವರ್ಷದಲ್ಲಿ ಬೇಸತ್ತು ಹೊರಡುತ್ತಾರೆ. ವರ್ಷವಿಡೀ ಹೊರಗಿನವರು ಬಂದುಹೋಗುವ ಹಾದಿ ಹಸನಾದ ಮೇಲೆ ಬಂದ ಪ್ರಾಧ್ಯಾಪಕರು ಇಲ್ಲೇ ನಿಲ್ಲುತ್ತಾರೆ.

ಮೊದಲ ಎರಡು ವರ್ಷ: ಶನಿವಾರದ ಗೋಷ್ಠಿ

ನೋಂದಣಿಗೂ ಮೊದಲು, ಹಣಕ್ಕೂ ಮೊದಲು ಗೋಷ್ಠಿ ನಡೆಯಬೇಕು. ಮದ್ರಾಸಿನ ಗಣಿತ ವಿಜ್ಞಾನಗಳ ಸಂಸ್ಥೆ 1962ರಲ್ಲಿ ಅಧಿಕೃತವಾಗಿ ಹುಟ್ಟಿತು. ಆದರೆ ಅದರ ಬೇರು ಇರುವುದು ಭೌತವಿಜ್ಞಾನಿ ಅಲ್ಲಾಡಿ ರಾಮಕೃಷ್ಣನ್ ತಮ್ಮ ಮನೆತನದ ಏಕಾಮ್ರ ನಿವಾಸದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನಡೆಸುತ್ತಿದ್ದ ಗೋಷ್ಠಿಗಳಲ್ಲಿ. 1932ರಲ್ಲಿ ನೋಂದಣಿಯಾದ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಅದರ ಸ್ಥಾಪಕ ಮಹಲನೋಬಿಸ್ ಆರಂಭದಲ್ಲಿ ಒದಗಿಸಿದ್ದು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರ ವಿಭಾಗದೊಳಗಿನ ಆಶ್ರಯವನ್ನು. ಅಮೆರಿಕದ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಗೆ ಹಣದ ಕೊರತೆ ಇರಲಿಲ್ಲ. ಅದೂ ಸಹ 1933ರಿಂದ ಹಲವು ವರ್ಷ ವಿಶ್ವವಿದ್ಯಾಲಯದ ಗಣಿತ ವಿಭಾಗದ ಕಟ್ಟಡದಲ್ಲೇ ಇದ್ದು, 1939ರಲ್ಲಷ್ಟೇ ಸ್ವಂತ ಕಟ್ಟಡಕ್ಕೆ ಹೋಯಿತು.

ಗೋಷ್ಠಿಯನ್ನು ಹೀಗೆ ನಡೆಸಬಹುದು. ತಿಂಗಳಿಗೆ ಎರಡು ಶನಿವಾರ, ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ, ಯಾವುದಾದರೂ ಕಾಲೇಜಿನ ಒಂದು ಕೊಠಡಿಯಲ್ಲಿ ಸೇರಿ. ಇಡೀ ವರ್ಷಕ್ಕೆ ಒಂದೇ ವಿಷಯ, ಒಂದೇ ಪಠ್ಯವಿರಲಿ. ಪ್ರತಿ ಸಲ ಹೊಸ ವಿಷಯದ ಉಪನ್ಯಾಸ ಇಟ್ಟರೆ ಜನ ಬರುತ್ತಾರೆ, ಕೇಳುತ್ತಾರೆ, ಮರೆಯುತ್ತಾರೆ. ಸಾಂತ ಗುಂಪುಗಳ ನಿರೂಪಣಾ ಸಿದ್ಧಾಂತ (ಬೀಜಗಣಿತದ ಗುಂಪುಗಳನ್ನು ಮಾತೃಕೆಗಳ ಮೂಲಕ ಅರಿಯುವ ಶಾಖೆ) ಮೊದಲ ವರ್ಷಕ್ಕೆ ಒಳ್ಳೆಯ ಆಯ್ಕೆ, ಏಕೆಂದರೆ ಎಂಎಸ್ಸಿಯಲ್ಲಿ ಎಲ್ಲರೂ ಓದಿರುವ ರೇಖೀಯ ಬೀಜಗಣಿತದ ಮೇಲೇ ಅದನ್ನು ಕಟ್ಟಬಹುದು, ಮತ್ತು ಕೈಯಲ್ಲಿ ಮಾಡಿನೋಡುವ ಲೆಕ್ಕಗಳು ಅದರಲ್ಲಿ ಧಾರಾಳವಾಗಿವೆ. ಹೇಳುವವರು ಸರದಿಯಲ್ಲಿ ಬದಲಾಗಬೇಕು, ಪರದೆಯ ಮೇಲೆ ಚಿತ್ರ ತೋರಿಸದೆ ಹಲಗೆಯ ಮೇಲೆ ಬರೆಯಬೇಕು, ಮತ್ತು ನಡುವೆ ಯಾರು ಬೇಕಾದರೂ ತಡೆದು ಪ್ರಶ್ನೆ ಕೇಳಬೇಕು. ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಅಲ್ಲೇ, ಆ ಕ್ಷಣದಲ್ಲೇ ಉತ್ತರ ಕೊಡಬೇಕಾದ ತಾಳಮದ್ದಳೆಯನ್ನು ರಾತ್ರಿಯಿಡೀ ಕೂತು ಕೇಳುವ ನಾಡಿದು. ಪ್ರಶ್ನಿಸುವುದು ಅವಿನಯವಲ್ಲವೆಂದು ಇಲ್ಲಿಯವರಿಗೆ ಬೇರೆಯಾಗಿ ಹೇಳಬೇಕಿಲ್ಲ, ಆದರೂ ತರಗತಿಯ ಗೋಡೆಯೊಳಗೆ ನಾವು ಅದನ್ನು ಮರೆಯುತ್ತೇವೆ.

ಸ್ಥಳದ ವಿಷಯದಲ್ಲಿ ಒಂದು ಎಚ್ಚರಿಕೆ. ಭಟ್ಕಳದಿಂದ ಕಾರವಾರದವರೆಗಿನ ಕರಾವಳಿಯವರನ್ನು ಕೊಂಕಣ ರೈಲು ಕೂಡಿಸುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ರಸ್ತೆಯನ್ನೇ ನಂಬಬೇಕು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಸುಮಾರು 60 ಕಿಲೋಮೀಟರು. ಆದ್ದರಿಂದ ಒಂದು ಗೋಷ್ಠಿ ಶಿರಸಿಯಲ್ಲಾದರೆ ಮುಂದಿನದು ಕುಮಟಾದಲ್ಲಿರಲಿ, ಮತ್ತು ಮಳೆಗಾಲದ ಮೂರು ತಿಂಗಳು ಘಟ್ಟದ ಮೇಲಿನವರೂ ಕೆಳಗಿನವರೂ ಬೇರೆಬೇರೆಯಾಗಿ ಸೇರಿ ಅದೇ ಪಠ್ಯವನ್ನು ಮುಂದುವರಿಸಲಿ. ಹಾಜರಿ ಪುಸ್ತಕ ಮತ್ತು ಪ್ರತಿ ಗೋಷ್ಠಿಯ ಟಿಪ್ಪಣಿಯನ್ನು ತಪ್ಪದೆ ಇಡಿ. ಎರಡು ವರ್ಷದ ಬಳಿಕ ನಲವತ್ತು ಗೋಷ್ಠಿಗಳ ಟಿಪ್ಪಣಿ ಕೈಯಲ್ಲಿದ್ದರೆ, ಅನುದಾನ ಕೇಳುವ ಅರ್ಜಿಯಲ್ಲಿ ಬೇರಾವ ಮಾತಿಗೂ ಇರದ ತೂಕ ಅದಕ್ಕಿರುತ್ತದೆ. ಎರಡು ವರ್ಷ ಗೋಷ್ಠಿ ನಡೆಸಲಾಗದಿದ್ದರೆ ಸಂಸ್ಥೆಯ ಯೋಚನೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ನೋಂದಣಿ

ಮೂರು ದಾರಿಗಳಿವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರ ಸಂಘ ಕಟ್ಟಬಹುದು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಶ್ವಸ್ತ ಪತ್ರ ನೋಂದಾಯಿಸಿ ಸಾರ್ವಜನಿಕ ಟ್ರಸ್ಟ್ ಮಾಡಬಹುದು. ಅಥವಾ 2013ರ ಕಂಪನಿ ಕಾಯ್ದೆಯ 8ನೆಯ ಕಲಮಿನಡಿ ಲಾಭರಹಿತ ಕಂಪನಿ ಸ್ಥಾಪಿಸಬಹುದು. ಮೂರನೆಯದರ ಕಾಗದಪತ್ರದ ಹೊರೆ ಸಣ್ಣ ಗುಂಪಿಗೆ ಭಾರವಾಗುತ್ತದೆ. ಸಂಘದ ಪದ್ಧತಿ ನಮ್ಮವರಿಗೆ ಪರಿಚಿತ: 1923ರಿಂದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಂಡವರಿಗೆ ಸದಸ್ಯತ್ವ, ವಾರ್ಷಿಕ ಸಭೆ, ಚುನಾವಣೆ ಯಾವುದೂ ಹೊಸದಲ್ಲ. ಆದರೆ ಅಡಿಕೆಯ ಮಾರಾಟದಲ್ಲಿ ಪ್ರತಿ ಸದಸ್ಯನಿಗೂ ನೇರ ಹಿತವಿದೆ. ಗಣಿತ ಸಂಸ್ಥೆಯಲ್ಲಿ ಹಾಗಿಲ್ಲ, ಆದ್ದರಿಂದ ಸದಸ್ಯತ್ವ ತೆರೆದಿಟ್ಟರೆ ಒಂದು ಚುನಾವಣೆಯಲ್ಲಿ ಉದ್ದೇಶವೇ ಬದಲಾಗುವ ಅಪಾಯವಿದೆ. ಟ್ರಸ್ಟಿನಲ್ಲಿ ಅಪಾಯ ತದ್ವಿರುದ್ಧ: ಅದು ಒಂದು ಮನೆಯ ಸ್ವತ್ತಾಗಿಬಿಡಬಹುದು. ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಈ ಜಿಲ್ಲೆಯ ಬಡಮಕ್ಕಳಿಗೆ ಶಾಲೆಗಳನ್ನು ತೆರೆದ ಬಗೆಯನ್ನು ನೋಡಿದರೆ, ಟ್ರಸ್ಟಿನ ಚೌಕಟ್ಟಿನಲ್ಲಿ ಸಾರ್ವಜನಿಕ ಕೆಲಸ ಎಷ್ಟು ದೂರ ಹೋಗಬಲ್ಲದೆಂದು ತಿಳಿಯುತ್ತದೆ.

ನಾನು ಸೂಚಿಸುವುದು ಟ್ರಸ್ಟನ್ನೇ, ಆದರೆ ಮೂರು ಷರತ್ತುಗಳನ್ನು ವಿಶ್ವಸ್ತ ಪತ್ರದಲ್ಲೇ ಬರೆದು. ಪ್ರತಿ ಧರ್ಮದರ್ಶಿಗೂ ಐದು ವರ್ಷದ ಅವಧಿಯಿರಬೇಕು ಮತ್ತು ಅದು ಒಮ್ಮೆ ಮಾತ್ರ ನವೀಕರಣವಾಗಬೇಕು. ಒಂದು ಕುಟುಂಬದಿಂದ ಇಬ್ಬರು ಇರಕೂಡದು. ಸಂಸ್ಥೆ ಮುಚ್ಚುವ ಪ್ರಸಂಗ ಬಂದರೆ ಪುಸ್ತಕಗಳೂ ನಿಧಿಯೂ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಉದ್ದೇಶಗಳ ಪಟ್ಟಿಯಲ್ಲಿ ಸಂಶೋಧನೆ, ಬೋಧನೆ, ಗ್ರಂಥಾಲಯ, ಪ್ರಕಟಣೆ ಎಂದು ನಾಲ್ಕನ್ನು ಬರೆದರೆ ಸಾಕು. ಆರೋಗ್ಯ ಶಿಬಿರ, ಕ್ರೀಡೆ, ಗ್ರಾಮೋದ್ಧಾರ ಎಂದು ಸೇರಿಸುತ್ತ ಹೋದರೆ ಒಂದಲ್ಲ ಒಂದು ದಿನ ಯಾರೋ ಅದಕ್ಕೇ ಹಣ ಕೇಳುತ್ತಾರೆ. ನೋಂದಣಿಯಾದ ಕೂಡಲೇ ಆದಾಯ ತೆರಿಗೆ ವಿನಾಯಿತಿಗೂ ದಾನಿಗಳಿಗೆ ಸಿಗುವ ವಿನಾಯಿತಿಗೂ ಅರ್ಜಿ ಹಾಕಬೇಕು. ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕ ಮಾನ್ಯತೆ ಸಿಗುತ್ತದೆ. ಅದರ ಅವಧಿ ಮುಗಿಯುವ ತಾರೀಖನ್ನು ಕಾರ್ಯದರ್ಶಿಯ ಮೇಜಿನ ಎದುರು ಬರೆದು ಅಂಟಿಸಿಡಿ.

ಆಡಳಿತ ಯಾರದು, ಗಣಿತ ಯಾರದು

ಎರಡು ಮಂಡಳಿಗಳು ಬೇಕು. ಧರ್ಮದರ್ಶಿ ಮಂಡಳಿ ಹಣ, ಜಾಗ, ಕಾನೂನನ್ನು ನೋಡಿಕೊಳ್ಳಲಿ. ವೈಜ್ಞಾನಿಕ ಮಂಡಳಿ ಯಾವ ಕಾರ್ಯಾಗಾರ ನಡೆಯಬೇಕು, ಯಾರನ್ನು ಆಹ್ವಾನಿಸಬೇಕು, ಯಾರನ್ನು ನೇಮಿಸಬೇಕು ಎಂಬುದನ್ನು ನಿರ್ಧರಿಸಲಿ. ಮೊದಲನೆಯದು ಎರಡನೆಯದರ ನಿರ್ಧಾರಕ್ಕೆ ಹಣವಿಲ್ಲವೆಂದು ಹೇಳಬಹುದೇ ಹೊರತು, ಬೇರೆ ಹೆಸರನ್ನು ಸೂಚಿಸಕೂಡದು. ಪ್ರಿನ್ಸ್‌ಟನ್ನಿನ ಸಂಸ್ಥೆಯನ್ನು ರೂಪಿಸಿದ ಏಬ್ರಹಾಂ ಫ್ಲೆಕ್ಸ್‌ನರ್ ದೊಡ್ಡ ದೂರದೃಷ್ಟಿಯವರು. ಪ್ರಾಧ್ಯಾಪಕರನ್ನು ಕೇಳದೆ ಹೊಸ ನೇಮಕಗಳನ್ನು ಮಾಡಿದ್ದರಿಂದ ಎದ್ದ ಅಸಮಾಧಾನದಲ್ಲಿ ಅವರೂ 1939ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಇದಕ್ಕೆ ಪ್ರತಿಯಾಗಿ, ಪ್ಯಾರಿಸ್ ಬಳಿಯ ಉನ್ನತ ವೈಜ್ಞಾನಿಕ ಅಧ್ಯಯನ ಸಂಸ್ಥೆಯನ್ನು 1958ರಲ್ಲಿ ಸ್ಥಾಪಿಸಿದ ಲಿಯೋನ್ ಮೋಶಾನ್ ಒಬ್ಬ ಉದ್ಯಮಿ. ಅವರು ಗಣಿತದ ಆಯ್ಕೆಯನ್ನು ಗಣಿತಜ್ಞರಿಗೆ ಒಪ್ಪಿಸಿದ್ದರಿಂದಲೇ ಗ್ರೋಥೆಂಡೀಕ್ ಅಂಥ ಮೇರು ಗಣಿತಜ್ಞರು ಆ ಸಂಸ್ಥೆಯ ಮೊದಲ ಪ್ರಾಧ್ಯಾಪಕರಲ್ಲೊಬ್ಬರಾದರು.

ವೈಜ್ಞಾನಿಕ ಮಂಡಳಿಯಲ್ಲಿ ಏಳು ಜನ ಸಾಕು, ಅವರಲ್ಲಿ ನಾಲ್ವರಾದರೂ ಜಿಲ್ಲೆಯ ಹೊರಗಿನವರಾಗಿರಬೇಕು. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಬಂಧುಗಳು, ಶಿಷ್ಯರು ಇಲ್ಲವೇ ನೆರೆಯವರು. ಆತ್ಮೀಯತೆಯ ಮುಂದೆ ಇಲ್ಲವೆನ್ನುವುದು ಕಷ್ಟ. ಹೊರಗಿನವರಿಗೆ ಆ ಕಷ್ಟ ಇರುವುದಿಲ್ಲ.

ಹಣ

ಇಲ್ಲಿ ಒಂದು ಚರಿತ್ರೆಯನ್ನು ಗಮನವಿಟ್ಟು ಓದಬೇಕು. ದಾನಶೂರ ಅಳಗಪ್ಪ ಚೆಟ್ಟಿಯಾರರು 1950ರಲ್ಲಿ ಮದ್ರಾಸಿನಲ್ಲಿ ರಾಮಾನುಜನ್ ಹೆಸರಿನ ಗಣಿತ ಸಂಸ್ಥೆಯನ್ನು ಸ್ಥಾಪಿಸಿದರು, ಟಿ. ವಿಜಯರಾಘವನ್ ಅದರ ನಿರ್ದೇಶಕರಾದರು. 1955ರಲ್ಲಿ ನಿರ್ದೇಶಕರೂ 1957ರಲ್ಲಿ ಸ್ಥಾಪಕರೂ ತೀರಿಕೊಂಡಾಗ ಸಂಸ್ಥೆ ಹಣವಿಲ್ಲದೆ ನಿಲ್ಲುವ ಸ್ಥಿತಿಗೆ ಬಂತು; ಮದ್ರಾಸು ವಿಶ್ವವಿದ್ಯಾಲಯ ವಹಿಸಿಕೊಂಡಿದ್ದರಿಂದ ಉಳಿಯಿತು. ಒಬ್ಬ ದಾನಿ ಎಷ್ಟೇ ದೊಡ್ಡ ಮನಸ್ಸಿನವರಾದರೂ ಒಂದು ಸಂಸ್ಥೆಯ ಆಯುಷ್ಯ ಅವರ ಆಯುಷ್ಯಕ್ಕೆ ಕಟ್ಟುಬೀಳಬಾರದು. ಹೀಗಾಗಿ ವರ್ಷವರ್ಷದ ದಾನಕ್ಕಿಂತ ಮೂಲನಿಧಿ, ಅಂದರೆ ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಬಳಸುವ ನಿಧಿ, ಮುಖ್ಯ.

ಮೂಲನಿಧಿಯ ಲೆಕ್ಕವನ್ನು ಉದಾಹರಣೆಗಾಗಿ ಹೀಗೆ ಮಾಡಿನೋಡಿ. 3 ಕೋಟಿ ರೂಪಾಯಿಗೆ ಶೇಕಡಾ 7ರಂತೆ ವರ್ಷಕ್ಕೆ 21 ಲಕ್ಷ ಬಡ್ಡಿ ಬರುತ್ತದೆ. ವಿನಾಯಿತಿ ಪಡೆದ ಸಂಸ್ಥೆ ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ವ್ಯಯಿಸಬೇಕು, ಉಳಿದ 15ನ್ನು ಕೂಡಿಡಬಹುದು, ಅಂದರೆ 3.15 ಲಕ್ಷ ನಿಧಿಗೆ ಮರಳಿದರೆ ಕೈಗೆ ಸಿಗುವುದು 17.85 ಲಕ್ಷ. ಇಪ್ಪತ್ತು ಜನರ ಆರು ದಿನದ ಒಂದು ಕಾರ್ಯಾಗಾರಕ್ಕೆ ತಲೆಗೆ ದಿನಕ್ಕೆ 800 ರೂಪಾಯಿಯಂತೆ ಊಟ ವಸತಿಗೆ 96,000, ಸರಾಸರಿ 4,000ದಂತೆ ಪ್ರಯಾಣಕ್ಕೆ 80,000, ಒಟ್ಟು 1.76 ಲಕ್ಷ. ಎಂಟು ಕಾರ್ಯಾಗಾರ ನಡೆಸಿದರೆ 14.08 ಲಕ್ಷ ಹೋಗಿ ಉಳಿಯುವ 3.77 ಲಕ್ಷದಲ್ಲಿ ಗ್ರಂಥಪಾಲಕರಿಗೂ ಅಡುಗೆಯವರಿಗೂ ಮರ್ಯಾದೆಯ ಸಂಬಳ ಕೊಡಲಾಗದು. ನಾಲ್ಕು ನಡೆಸಿದರೆ 10.81 ಲಕ್ಷ ಉಳಿದು ಸಂಸ್ಥೆ ಉಸಿರಾಡುತ್ತದೆ. ನಿಧಿಗೆ ಮರಳುವ 3.15 ಲಕ್ಷವೆಂದರೆ ಬರೀ ಶೇಕಡಾ 1.05ರ ಬೆಳವಣಿಗೆ, ಬೆಲೆಯೇರಿಕೆ ಅದಕ್ಕಿಂತ ಹೆಚ್ಚು; ಆದ್ದರಿಂದ ಪ್ರತಿ ವರ್ಷ ಹೊಸ ದಾನವನ್ನು ನಿಧಿಗೆ ಸೇರಿಸುತ್ತಲೇ ಇರಬೇಕು. ದಾನಿಯಿಂದ "ಇದು ಮೂಲನಿಧಿಗೆ" ಎಂದು ಲಿಖಿತವಾಗಿ ಪಡೆಯುವುದನ್ನು ಮರೆಯಬಾರದು, ಇಲ್ಲದಿದ್ದರೆ ಅದು ಆ ವರ್ಷದ ಆದಾಯವೆಂದು ಎಣಿಕೆಯಾಗುತ್ತದೆ.

ಹೊರದೇಶದಲ್ಲಿರುವ ನಮ್ಮೂರ ಮಕ್ಕಳ ದಾನದಲ್ಲಿ ಒಂದು ಸೂಕ್ಷ್ಮವಿದೆ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ವಂತಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಅವರು ಶಿರಸಿಯಲ್ಲೇ ಹುಟ್ಟಿದವರಾದರೂ, ಅದು ವಿದೇಶಿ ವಂತಿಗೆ, ಮತ್ತು ಅದನ್ನು ಪಡೆಯಲು ಪ್ರತ್ಯೇಕ ನೋಂದಣಿ ಬೇಕು. ಪ್ರತಿ ದಾನಿಯಿಂದಲೂ ಪಾಸ್‌ಪೋರ್ಟಿನ ವಿವರ ಕೇಳಿಕೊಳ್ಳುವುದು ಒರಟುತನವಲ್ಲ.

ಸರ್ಕಾರದ ಕಡೆಯಿಂದ ಮೊದಲು ಸಂಪರ್ಕಿಸಬೇಕಾದದ್ದು 1983ರಲ್ಲಿ ಅಣುಶಕ್ತಿ ಇಲಾಖೆಯಡಿ ರಚಿತವಾದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯನ್ನು. ಕಾರ್ಯಾಗಾರಗಳಿಗೂ ಗ್ರಂಥಾಲಯಗಳಿಗೂ ನೆರವು ಕೊಡುವುದು ಅದರ ಕೆಲಸ. ಅಲಹಾಬಾದಿನಲ್ಲಿ 1975ರಲ್ಲಿ ಒಂದು ಖಾಸಗಿ ಟ್ರಸ್ಟ್ ಆರಂಭಿಸಿದ ಮೆಹ್ತಾ ಸಂಶೋಧನಾ ಸಂಸ್ಥೆ ಮುಂದೆ ಇದೇ ಇಲಾಖೆಯ ಆಶ್ರಯದಲ್ಲಿ ಬೆಳೆದು, ಇಂದು ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆಯೆಂದು ಹೆಸರಾಗಿದೆ. ಕೈಗಾದ ಅಣುವಿದ್ಯುತ್ ಸ್ಥಾವರದಿಂದಾಗಿ ನಮ್ಮ ಜಿಲ್ಲೆ ಈ ಇಲಾಖೆಯನ್ನು ಬಹುಕಾಲದಿಂದ ಬಲ್ಲದು. ಅದರ ಇನ್ನೊಂದು ಮುಖವನ್ನೂ ಇಲ್ಲಿಯ ಜನ ಕಾಣಲಿ ಎಂಬುದು ನನ್ನ ಹಂಬಲ.

ಜಾಗ, ಮನೆ, ಮಳೆ

ಹೊಸ ಕಟ್ಟಡವನ್ನು ಕೊನೆಗಿಡಿ. ಜಿಲ್ಲೆಯ ಭೂಮಿಯ ಬಹುಪಾಲು ಅರಣ್ಯ. ಮಾಲ್ಕಿ ಜಮೀನಾದರೂ ಕೃಷಿಯಿಂದ ಬೇರೆ ಬಳಕೆಗೆ ತರಲು 1964ರ ಭೂಕಂದಾಯ ಕಾಯ್ದೆಯಡಿ ಪರಿವರ್ತನೆ ಆಗಬೇಕು. ತೋಟದ ಜತೆ ಬರುವ ಸೊಪ್ಪಿನ ಬೆಟ್ಟದಲ್ಲಿ ತೋಟಿಗನಿಗಿರುವುದು ಸೊಪ್ಪು ತರುವ ಸವಲತ್ತು. ಪ್ರೀತಿಯಿಂದ ಯಾರಾದರೂ ಬೆಟ್ಟವನ್ನೇ ದಾನ ಕೊಡುತ್ತೇನೆಂದರೂ ಅಲ್ಲಿ ಕಟ್ಟುವಂತಿಲ್ಲ. ಕರಾವಳಿಯಲ್ಲಿ ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ, ಮತ್ತು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಉಬ್ಬರವೇರುವ ದಂಡೆಗಳಲ್ಲಿ, ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳಿವೆ.

ಬದಲಿಗೆ ಇರುವ ಮನೆಯನ್ನು ಹುಡುಕಿ. ಸ್ವೀಡನ್ನಿನಲ್ಲಿ ಗಣಿತಜ್ಞ ಮಿತ್ತಾಗ್ ಲೆಫ್ಲರ್ ದಂಪತಿಗಳು 1916ರಲ್ಲಿ ತಮ್ಮ ಮನೆಯನ್ನೂ ಗ್ರಂಥಭಂಡಾರವನ್ನೂ ಗಣಿತಕ್ಕೆ ಬರೆದುಕೊಟ್ಟರು. ಆ ಮನೆಯೇ ಇಂದಿಗೂ ಸಂಸ್ಥೆ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮಕ್ಕಳೆಲ್ಲ ಪಟ್ಟಣ ಸೇರಿ ವೃದ್ಧ ದಂಪತಿಗಳಷ್ಟೇ ಉಳಿದ ದೊಡ್ಡ ಮನೆಗಳು ಎಷ್ಟೋ ಇವೆ. ಅಂಥ ಒಂದು ಮನೆಯನ್ನು ಹತ್ತು ವರ್ಷದ ಗೇಣಿ ಪತ್ರದ ಮೇಲೆ ಪಡೆದರೆ, ಉದ್ದನೆಯ ಜಗುಲಿ ಉಪನ್ಯಾಸಕ್ಕೂ, ಮಾಳಿಗೆ ಗ್ರಂಥಾಲಯಕ್ಕೂ, ಒಳಕೋಣೆಗಳು ಅತಿಥಿಗಳಿಗೂ ಒದಗುತ್ತವೆ. ಜಗುಲಿಯ ಗೋಡೆಯುದ್ದಕ್ಕೂ ಹಲಗೆ ಹಾಕಿಸಿ. ಗಣಿತದ ಅರ್ಧ ಕೆಲಸ ಚಹಾದ ಲೋಟ ಹಿಡಿದು ನಿಂತಾಗ ಆಗುತ್ತದೆ. ಊಟದ ಪಂಕ್ತಿಯಲ್ಲಿ ಹೆಸರಿನ ಚೀಟಿಗಳನ್ನು ಪ್ರತಿ ಊಟಕ್ಕೂ ಕಲಸಿ ಇಡುವ ಓಬರ್‌ವೋಲ್ಫಾಕಿನ ಪದ್ಧತಿಯನ್ನು ಹಾಗೆಯೇ ತನ್ನಿ: ಹೆಸರಾಂತ ಪ್ರಾಧ್ಯಾಪಕರ ಪಕ್ಕ ಕಾರವಾರದ ಎಂಎಸ್ಸಿ ಹುಡುಗಿ ಕೂತು ಮಾತಾಡುವ ಅವಕಾಶ ಅದರಿಂದಲೇ ಹುಟ್ಟುತ್ತದೆ.

ಮಳೆಗೆ ಸಿದ್ಧತೆ ಮಾಡದ ಗ್ರಂಥಾಲಯ ಇಲ್ಲಿ ಉಳಿಯದು. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಹಿರಿಯರೊಬ್ಬರು ಕೊಟ್ಟ ಮುನ್ನೂರು ಗಣಿತ ಗ್ರಂಥಗಳನ್ನು ಗೋಡೆಗೆ ತಾಗಿಸಿಟ್ಟ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಒಂದೇ ಮಳೆಗಾಲದ ಕೊನೆಗೆ ಬಾಗಿಲು ತೆರೆದಾಗ ಬೂಷ್ಟು ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ದಿನದ ನೋವು ಇಂದಿಗೂ ಮಾಸಿಲ್ಲ. ಕಪಾಟು ಗೋಡೆಯಿಂದ ಒಂದು ಗೇಣು ದೂರವಿರಲಿ, ತೆರೆದಿರಲಿ, ಗಾಳಿಯಾಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರುವ ಯಂತ್ರ ಓಡಲಿ. ಎಲ್ಲಕ್ಕಿಂತ ಮುಖ್ಯವಾಗಿ ಪುಸ್ತಕಗಳು ಓದುವವರ ಕೈಯಲ್ಲಿ ಆಡುತ್ತಿರಲಿ. ಸೀಮೆಸುಣ್ಣವೂ ಮಳೆಯಲ್ಲಿ ಮೆತ್ತಗಾಗುತ್ತದೆ, ಮುಚ್ಚಳದ ಡಬ್ಬಿಯಲ್ಲಿಡಿ.

ಕಾರ್ಯಾಗಾರದ ಪಂಚಾಂಗವನ್ನು ಊರಿನ ಪಂಚಾಂಗದೊಡನೆ ಹೊಂದಿಸಬೇಕು. ಜುಲೈ, ಆಗಸ್ಟಿನಲ್ಲಿ ಘಟ್ಟದ ರಸ್ತೆ ಕುಸಿಯುವ ಭಯವಿರುವುದರಿಂದ ಆಗ ದೊಡ್ಡ ಸಭೆ ಬೇಡ. ಒಬ್ಬಿಬ್ಬರು ತಿಂಗಳುಗಟ್ಟಲೆ ಉಳಿದು ಬರೆಯಲು ಆ ಕಾಲವೇ ಉತ್ತಮ. ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ಅಡುಗೆಗೂ ಓಡಾಟಕ್ಕೂ ಊರಿನ ಜನ ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಶಿರಸಿಯಲ್ಲಿ ಒಂದು ಕೋಣೆಯೂ ಖಾಲಿಯಿರುವುದಿಲ್ಲ. ವಿದ್ಯಾರ್ಥಿಗಳ ಶಿಬಿರಕ್ಕೆ ಮೇ ತಿಂಗಳು, ಸಂಶೋಧಕರ ಕಾರ್ಯಾಗಾರಕ್ಕೆ ಫೆಬ್ರುವರಿ ಒಳ್ಳೆಯದು.

ಗ್ರಂಥಾಲಯ, ಪದವಿ, ಕನ್ನಡ

ಸಂಶೋಧನಾ ಪತ್ರಿಕೆಗಳನ್ನು ಕೊಳ್ಳುವ ಶಕ್ತಿ ಸಣ್ಣ ಸಂಸ್ಥೆಗಿಲ್ಲ. 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಕಟ್ಟಿದ ಭಾರತೀಯ ಗಣಿತ ಸಂಘ ಇದೇ ಕೊರತೆಗೆ ಉತ್ತರವಾಗಿ ಹುಟ್ಟಿ, ಪುಣೆಯಿಂದ ಪತ್ರಿಕೆಗಳನ್ನು ಸದಸ್ಯರಿಗೆ ಅಂಚೆಯಲ್ಲಿ ಕಳಿಸುತ್ತಿತ್ತು. ಇಂದು ಹೊಸ ಲೇಖನಗಳಲ್ಲಿ ಬಹಳಷ್ಟು 1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ, ಮತ್ತು ಗಣಿತ ವಿಮರ್ಶೆಗಳ ದೊಡ್ಡ ಸೂಚಿಯಾದ ಜ಼ೆಡ್‌ಬಿಮ್ಯಾತ್ 2021ರಿಂದ ಎಲ್ಲರಿಗೂ ತೆರೆದಿದೆ. ಪತ್ರಿಕೆಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ ‘ಒಂದು ದೇಶ ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳಿಗೆ ಮೀಸಲು; ಹತ್ತಿರದ ಸರ್ಕಾರಿ ಕಾಲೇಜಿನೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿಯೇ ಹೋಗಿ ಓದುವ ವ್ಯವಸ್ಥೆ ಮಾಡಿಕೊಳ್ಳಬೇಕು. ಹಣವನ್ನು ಪುಸ್ತಕಗಳಿಗೆ ಉಳಿಸಿ, ಅದರಲ್ಲೂ ನಿವೃತ್ತ ಪ್ರಾಧ್ಯಾಪಕರ ಮನೆಯ ಸಂಗ್ರಹಗಳಿಗೆ.

ಪದವಿ ಕೊಡುವ ಆಸೆಯನ್ನು ಸದ್ಯ ಇಟ್ಟುಕೊಳ್ಳಬೇಡಿ. ಕೆಲಸ ನೆಲೆಗೊಂಡ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಸಂಶೋಧನಾ ಕೇಂದ್ರವಾಗಲು ಅರ್ಜಿ ಹಾಕಿದರೆ ಸಾಕು.

ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯನ ಕಾಲ 12ನೆಯ ಶತಮಾನ. ಸಂಶೋಧನೆಯ ಭಾಷೆ ಇಂಗ್ಲಿಷೇ ಆದರೂ, ನಾಲ್ಕು ಕಾರ್ಯಾಗಾರಗಳಲ್ಲಿ ಒಂದು ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರಿಗಾಗಿ, ಪೂರ್ತಿ ಕನ್ನಡದಲ್ಲಿ ನಡೆಯಬೇಕು, ಮತ್ತು ಸಂಶೋಧನೆಗೆ ಬಂದ ಅತಿಥಿಗಳು ಅದರಲ್ಲಿ ಒಂದು ಸಂಜೆಯಾದರೂ ಕೂರಬೇಕು. ಅವಿಭಾಜ್ಯ ಸಂಖ್ಯೆ, ಭಾಗಾಕಾರ, ಪ್ರಮೇಯದ ಸಾಧನೆ ಎಂಬ ಮಾತುಗಳನ್ನು ತರಗತಿಯಲ್ಲಿ ದಿನವೂ ಆಡುವ ಶಿಕ್ಷಕರು ಕೇಳುವ ಪ್ರಶ್ನೆಗಳು ಎಷ್ಟೋ ಬಾರಿ ಸಂಶೋಧಕರನ್ನೂ ಯೋಚನೆಗೆ ಹಚ್ಚುತ್ತವೆ.

ಐದನೆಯ ವರ್ಷದ ಪರಿಶೀಲನೆ

ಐದು ವರ್ಷ ತುಂಬಿದಾಗ, ಯಾವ ಮಂಡಳಿಯಲ್ಲೂ ಇಲ್ಲದ ಮೂವರು ಗಣಿತಜ್ಞರನ್ನು ಮೂರು ದಿನ ಕರೆಸಿ ಎಲ್ಲ ಕಡತಗಳನ್ನೂ ಅವರ ಮುಂದಿಡಬೇಕು. ಅವರು ನೋಡಬೇಕಾದದ್ದು ಎಷ್ಟು ಸಭೆ ನಡೆಯಿತೆಂಬುದನ್ನಲ್ಲ. ಇಲ್ಲಿ ಉಳಿದು ಹೋದವರು ಇಲ್ಲಿ ಹುಟ್ಟಿದ ಯೋಚನೆಯಿಂದ ಯಾವ ಲೇಖನ ಬರೆದರು, ಶಿಬಿರಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಗಣಿತದಲ್ಲಿ ಮುಂದುವರಿದರು, ಶನಿವಾರದ ಗೋಷ್ಠಿ ಇನ್ನೂ ನಡೆಯುತ್ತಿದೆಯೇ ಎಂಬುದನ್ನು. ಗೋಷ್ಠಿ ನಿಂತಿದ್ದರೆ ಕಾಯಂ ನೇಮಕದ ಮಾತನ್ನು ಮುಂದಿನ ಐದು ವರ್ಷ ಎತ್ತಬಾರದು. ಅವರ ವರದಿಯನ್ನು ತಿದ್ದದೆ ಕನ್ನಡಕ್ಕೆ ತಂದು, ನೂರು ರೂಪಾಯಿ ಕೊಟ್ಟವರೂ ಸೇರಿದಂತೆ ಪ್ರತಿ ದಾನಿಗೂ ಅಂಚೆಯಲ್ಲಿ ಕಳಿಸಬೇಕು.